ನೀರು ಕುಡಿದ ಗಂಡುಗೊಡಲಿ

ಕಮ್ಮಾರ ಗ್ಯಾನಪ್ಪ ಆ ಮಾತು ಕೊಟ್ಟಾಗ ಅವನಿಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ.

ಆ ವರ್ಷ ಕಿನ್ನಾಳದಲ್ಲಿ ಕುಮ್ಮಟದ ಕಾಳಗದ ದೊಡ್ಡಾಟ ಇಟ್ಟಿದ್ದರು. ಅಲ್ಲಿಯವರೆಗೆ ಆಟವೆಂದರೆ ಹಲಗೆಯ ಕತ್ತಿ, ಬೇಗಡೆ ಹಚ್ಚಿದ ಗುರಾಣಿ. ಗ್ಯಾನಪ್ಪನಿಗೆ ಹರೆಯದ ಹುರುಪು. ಆನೆಗೊಂದಿಯ ಕಲ್ಲುಕಂಬಗಳಲ್ಲಿ ಬಂಟರ ಕೈಯಲ್ಲಿರುವ ಗಂಡುಗೊಡಲಿಗಳನ್ನು ಕಣ್ಣಳತೆಯಲ್ಲಿ ಹಿಡಿದುಕೊಂಡು ಬಂದು, ಹಾಗೆಯೇ ಬಡಿದು ಕೊಟ್ಟ. ಹೊಲದ ಕೊಡಲಿಗೆ ಮಾಡುವಂತೆ ಬಾಯಿಗೆ ಉಕ್ಕು ಕೂಡಿಸಿದ, ಕೆಂಪಗೆ ಕಾಯಿಸಿ ನೀರಿಗದ್ದಿ ಹದ ಮಾಡಿದ. ಕಾಳಗದ ಕುಣಿತದಲ್ಲಿ ಯಾರದೋ ಕಾಲು ಜಾರಿತು, ಬೀಸಿದ ಕೊಡಲಿ ಗುರಿ ತಪ್ಪಿತು. ಪಕ್ಕೀರವ್ವನ ಹಿರಿಯ ಮಗ ಗಾಳೆಪ್ಪ ಅಟ್ಟದ ಮೇಲೆಯೇ, ಬಣ್ಣ ಹಚ್ಚಿದ ಮುಖದಲ್ಲಿಯೇ, ಪ್ರಾಣ ಬಿಟ್ಟ.

ಮಣ್ಣು ಮಾಡಿ ಬಂದವರು ಇನ್ನೂ ಕೈಕಾಲು ತೊಳೆದಿರಲಿಲ್ಲ. ಗ್ಯಾನಪ್ಪ ಕುಲುಮೆಯಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲನ್ನು ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ಬಂದು ಪಕ್ಕೀರವ್ವನ ಅಂಗಳದಲ್ಲಿ ಇಳಿಸಿ, ಅದರ ಮೇಲೆ ಎರಡೂ ಕೈ ಊರಿದ.

"ಯವ್ವಾ, ಇನ್ನ ಮ್ಯಾಲ ನನ್ನ ಕುಲುಮ್ಯಾಗ ಕಾಳಗದ ಕೊಡ್ಲಿಗೆ ಉಕ್ಕು ಹಚ್ಚಂಗಿಲ್ಲ, ನೀರು ಕುಡಸಂಗಿಲ್ಲ. ಕಣ್ಣಿಗೆ ಕೊಡ್ಲಿ ಆಗಿರಬೇಕು, ಮೈಗೆ ಆಗಬಾರದು. ನಾ ಸಾಯೋತನಕ ಇದ ಮಾತು."

ಪಕ್ಕೀರವ್ವ ಅಡಿಗಲ್ಲಿನ ಮೇಲಿನ ಆ ಕೈಗಳನ್ನೇ ನೋಡಿದಳು. ಅವಳ ಸೆರಗು ಹಿಡಿದುಕೊಂಡು ಕಿರಿಯ ಮಗ ಓಬಳೆಪ್ಪ ನಿಂತಿದ್ದ. ಬಾಗಿಲ ಬಳಿ, ಪಂಚನಾಮೆಗೆಂದು ಬಂದಿದ್ದ ಒಬ್ಬ ಎಳೆಯ ಪೊಲೀಸ್ ಜವಾನ ನಿಂತಿದ್ದ. ಅವನ ಹೆಸರು ಜಿಲಾನಸಾಬ.

ಅದೇ ಜಿಲಾನಸಾಬ ಈಗ ಜಮಾದಾರನಾಗಿ, ಆ ಜಮಾದಾರಿಕೆಯನ್ನೂ ಮುಗಿಸಿ, ನರೆತ ಗಡ್ಡ ನೀವಿಕೊಳ್ಳುತ್ತ ಪೊಲೀಸ್ ಠಾಣೆಯ ಅಮೀನನ ಮೇಜಿನ ಮುಂದೆ ನಿಂತಿದ್ದ. ಸಿಟ್ಟಿಗೆ ಅವನ ಗಡ್ಡವೂ ನಡುಗುತ್ತಿತ್ತು.

ಮೇಜಿನ ಮೇಲೆ ಒಂದು ಗಂಡುಗೊಡಲಿ. ಬಾಯಿ ಬಿದಿಗೆಯ ಚಂದ್ರನಂತೆ ಬಾಗಿತ್ತು. ಬೆನ್ನಿಗೆ ಗಿಣಿಯ ಕೊಕ್ಕಿನಂಥ ಮೊನೆ. ಕೊರಳಿನ ಮೇಲೆ ಬೇವಿನೆಲೆಯ ಗುರುತು. ಗ್ಯಾನಪ್ಪನ ಕುಲುಮೆಯ ಗುರುತು ಅದು, ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಸಾಣಾಪುರದ ಹಳೇ ಕಾಲುವೆಯ ಬದಿಯ ಕೆಸರಿನಲ್ಲಿ ಓಬಳೆಪ್ಪನ ಹೆಣ ಬಿದ್ದಿತ್ತು, ಮಗ್ಗುಲಲ್ಲಿ ಈ ಕೊಡಲಿ. ಅಮೀನ ಗುರುತು ನೋಡಿದ, ಗ್ಯಾನಪ್ಪನನ್ನು ಎಳೆದು ತಂದು ಒಳಗೆ ಹಾಕಿದ. ಅವನ ತನಿಖೆ ಅಲ್ಲಿಗೆ ಮುಗಿದಿತ್ತು.

"ಜಿಲಾನಸಾಬ್ರ, ನೀವು ಹಿರ್ಯಾರು," ಅಮೀನ ಕಿವಿಯಲ್ಲಿ ಕಡ್ಡಿ ಆಡಿಸುತ್ತ ಅಂದ. "ನಿಮ್ಮ ಸಲುವಾಗಿ ಕುರ್ಚಿ ಹಾಕಸ್ತೀನಿ, ಚಾ ತರಸ್ತೀನಿ. ಆದ್ರ ಮುಲ್ಜಿಮನ್ನ ಬಿಡು ಅಂದ್ರ ಹೆಂಗ್ರಿ? ಕೊಡ್ಲಿ ಮ್ಯಾಲ ಅವನ ಗುರುತು ಐತಿ. ಸಂತ್ಯಾಗ ಓಬಳೆಪ್ಪನ ಕೊಳ್ಳಪಟ್ಟಿ ಹಿಡಿದು 'ನಿನ್ನ ಕಡಿದು ಹಾಕ್ತೀನಿ' ಅಂದಿದ್ದನ್ನ ಊರ ಮಂದಿ ಕೇಳ್ಯಾರ. ಇನ್ನೇನು ಬೇಕ್ರಿ?"

"ಯಾಕ ಹಿಡಿದಿದ್ದ, ಅದನ್ನೂ ಕೇಳಿದ್ರೇನು?"

"ಯಾಕಾರ ಇರ್ಲಿ."

"ಯಾಕಾರ ಇರ್ಲಿ ಅಂದ್ರ ಹೆಂಗ್ರೀ!" ಜಿಲಾನಸಾಬ ಮೇಜು ಗುದ್ದಿದ. ಮಸಿಕುಡಿಕೆ ಅಲುಗಿತು. "ಆಟದ ಮ್ಯಾಳಕ್ಕ ಅಂತ ಸುಳ್ಳು ಹೇಳಿ ಅವನ ಕಡಿಂದ ಕೊಡ್ಲಿ ಬಡಿಸಿದ್ರು. ಹುಣಸಿಹುಳಿ, ಉಪ್ಪು ಬಳಿದು, ಸಾಣಾಪುರದ ಕೆಸರಾಗ ಹೂಳಿ, ಜಂಗು ಹಿಡಿಸಿ, 'ಆನೆಗೊಂದಿ ರಾಜರ ಕಾಲದ್ದು' ಅಂತ ಹೈದ್ರಾಬಾದಿನ ನವಾಬ್ರಿಗೆ, ಮುಂಬೈ ದೊರಿಗಳಿಗೆ ಮಾರಿದ್ರು. ಬಡಿದಾಂವಗ ಸಿಟ್ಟು ಬರಬಾರದೇನು? ಮನಿ ಮಗಳನ್ನ ಮಂದಿಗೆ ಮುದುಕಿ ಅಂತ ತೋರಿಸಿದಂಗ ಆಗ್ಲಿಲ್ಲೇನು?"

ಅಮೀನನ ಕಡ್ಡಿ ನಿಂತಿತು. ನಗು ತಡೆದುಕೊಂಡ.

"ಜಂಗು ಹಿಡಿಸಿದಾಂವ ಯಾರು? ಸತ್ತಾಂವನ. ಕಿನ್ನಾಳದ ಚಿತ್ರಗಾರ. ಗೊಂಬಿಗೆ ಬಣ್ಣ ಹಚ್ಚಾಂವ ಕೊಡ್ಲಿಗೂ ಹಚ್ಚಿದ. ಅದಕ್ಕ ಗ್ಯಾನಪ್ಪಗ ಸಿಟ್ಟು ಬಂತು, ಹೊಡದ. ನೀವ ನನ್ನ ಕೇಸು ಗಟ್ಟಿ ಮಾಡಾಕ ಹತ್ತೀರಲ್ಲ, ಜಮಾದಾರ್ರ!"

ಆಗ ಬಾಗಿಲ ಮೂಲೆಯಲ್ಲಿ ನೆಲದ ಮೇಲೆ ಕುಳಿತಿದ್ದ ಪಕ್ಕೀರವ್ವ ಮೇಲೆದ್ದಳು. ಹಿರಿಯ ಮಗನನ್ನು ಕಳಕೊಂಡ ಮೇಲೆ ಕಿರಿಯವನೊಬ್ಬನನ್ನೇ ನೆಚ್ಚಿ ಬದುಕಿದವಳು. ಈಗ ಅವನೂ ಇಲ್ಲ. ಅವಳ ಕಣ್ಣಲ್ಲಿ ನೀರಿರಲಿಲ್ಲ. ಬೆಂಕಿ ಇತ್ತು.

"ಅಮೀನಸಾಹೇಬ್ರ, ಸತ್ತಾಂವ ನನ್ನ ಮಗ. ಹೆತ್ತಾಕಿ ನಾ ಹೇಳ್ತೀನಿ, ಗ್ಯಾನಪ್ಪ ಹೊಡದಿಲ್ಲ."

"ಮತ್ಯಾರು ಹೊಡದ್ರವ್ವಾ?"

"ಅದನ್ನ ಹುಡುಕಲಿ ಅಂತ ಸರ್ಕಾರ ನಿಮಗ ಪಗಾರ ಕೊಡ್ತೈತಿ. ನನಗ ಕೊಡಂಗಿಲ್ಲ."

ಹೊರಗೆ ನಿಂತಿದ್ದ ಜವಾನರಲ್ಲಿ ಒಬ್ಬ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ತಿಳಿಯಿತು. ಅಮೀನನ ಮುಖ ಕೆಂಪಾಯಿತು.

ಜಿಲಾನಸಾಬ ಇದೇ ಸಮಯ ನೋಡಿ ಅಂಗಿಯ ಜೇಬಿನಿಂದ ಒಂದು ಅರ ತೆಗೆದ. ಕಮ್ಮಾರರು ಕಬ್ಬಿಣ ಉಜ್ಜುವ ಅರ. ಬರುವಾಗ ಗ್ಯಾನಪ್ಪನ ಕುಲುಮೆಯಿಂದ ತಂದಿದ್ದ.

"ನಿಮ್ಮ ಅಪ್ಪಣಿ ಇದ್ರ ಒಮ್ಮೆ ಉಜ್ಜಿ ನೋಡ್ತೀನಿ. ಬರೇ ಬಾಯಿ ಮೂಲ್ಯಾಗ. ನಿಮ್ಮ ಎದುರಿಗೇ."

ಅಮೀನ ಕೈ ಬೀಸಿದ. ಏನಾದರೂ ಮಾಡಿ ತೊಲಗಿ ಎನ್ನುವಂತಿತ್ತು.

ಜಿಲಾನಸಾಬ ಮೊದಲು ಕೊಡಲಿಯ ಬೆನ್ನಿನ ಮೇಲೆ ಅರ ಎಳೆದ. ಕರಕರ ಎಂದು ಹಿಡಿಯಿತು, ಬೆಳ್ಳನೆಯ ಪುಡಿ ಉದುರಿತು. ಆಮೇಲೆ ಬಾಯಿಯ ಮೇಲೆ ಎಳೆದ. ಅರ ಜಾರಿತು. ಗಾಜಿನ ಮೇಲೆ ಎಳೆದಂತೆ ಚುರ್ ಎಂದು ಸದ್ದಾಯಿತೇ ಹೊರತು ಒಂದು ಗೀರೂ ಬೀಳಲಿಲ್ಲ.

ಅವನ ಎದೆ ಒಮ್ಮೆಲೇ ಹಗುರಾಯಿತು.

"ನೋಡ್ರಿ! ನೋಡಿದ್ರೋ ಇಲ್ಲೋ! ಈ ಬಾಯಿಗೆ ಉಕ್ಕು ಐತಿ, ನೀರು ಕುಡಿದೈತಿ. ಗ್ಯಾನಪ್ಪ ಇಂಥ ಕೊಡ್ಲಿಗೆ ನೀರು ಕುಡಸಂಗಿಲ್ಲ. ಅಡಿಗಲ್ಲಿನ ಮ್ಯಾಲ ಕೈಯಿಟ್ಟು ಆಣಿ ಮಾಡ್ಯಾನ. ಈ ಯವ್ವನ ಅಂಗಳದಾಗ ಮಾಡ್ಯಾನ, ನಾ ಕಣ್ಣಾರೆ ನೋಡೀನಿ. ಅವ ಬಡಿದ ಮೆತ್ತನ ಕೊಡ್ಲಿಗೆ ಹಿಂದಿನಿಂದ ಬ್ಯಾರೆ ಯಾವನೋ ಉಕ್ಕು ಹಚ್ಚ್ಯಾನ. ಆ ಕುಲುಮಿ ಹುಡುಕ್ರಿ, ನಿಮ್ಮ ಖೂನಿ ಮಾಡಿದಾಂವ ಸಿಗ್ತಾನ."

ಅಮೀನ ಆಕಳಿಸಿದ. ಒಬ್ಬ ಬಡವನ ಕೊರಳಿಗೆ ಹಗ್ಗ ಬೀಳುವ ಮಾತು ನಡೆದಿರುವಾಗ ಬಾಯಿ ಅಗಲಿಸಿ ಆಕಳಿಸಿದ!

"ಆಣಿ-ಪ್ರಮಾಣ ಕಚೇರ್ಯಾಗ ನಡಿಯಂಗಿಲ್ರಿ. ನಾಳೆ ಮುಂಜಾನೆ ಅವನ್ನ ರಾಯಚೂರಿನ ಕೋರ್ಟಿಗೆ ಚಲಾನ ಮಾಡ್ತೀನಿ. ಅಷ್ಟರಾಗ ಇನ್ನೊಬ್ಬನ್ನ ಹಿಡಕೊಂಡು ಬರ್ರಿ, ನಾ ಬ್ಯಾಡ ಅನ್ನಂಗಿಲ್ಲ."

"ತರ್ತೀನಿ," ಎಂದ ಜಿಲಾನಸಾಬ. ಹಲ್ಲು ಕಡಿದು ಹೇಳಿದ್ದರಿಂದ ಅದು ಶಾಪದಂತೆ ಕೇಳಿಸಿತು.

ಹೊರಗೆ ಬೇವಿನ ನೆರಳಲ್ಲಿ ಪಕ್ಕೀರವ್ವ ಅವನ ತೋಳು ಹಿಡಿದಳು.

"ತಮ್ಮಾ, ಗ್ಯಾನಪ್ಪಗೂ ಏನರ ಆತಂದ್ರ ನನಗ ಈ ಮಂದಿ ಮ್ಯಾಲ, ಮಾತಿನ ಮ್ಯಾಲ, ಯಾವುದರ ಮ್ಯಾಲೂ ನಂಬಿಕಿ ಉಳಿಯಂಗಿಲ್ಲ. ನನ್ನ ದೊಡ್ಡ ಮಗ ಹೋದಾಗ ಎಲ್ಲಾರೂ ಹಣಿಬರಹ ಅಂದ್ರು. ತಪ್ಪು ನಂದು ಅಂದಾಂವ ಅವನೊಬ್ಬನ. ನನಗ ಅಷ್ಟ ಉಳಿದಿರೋದು."

"ಇಲ್ಲೇ ಕುಂದ್ರವ್ವಾ. ಸಂಜಿಯೊಳಗ ಬರ್ತೀನಿ," ಎಂದ ಜಿಲಾನಸಾಬ, ಗಂಗಾವತಿಗೆ ಹೊರಟಿದ್ದ ಸರ್ವಿಸ್ ಮೋಟಾರು ಹತ್ತಿದ.

ಮೋಟಾರು ಕುಲುಕುತ್ತಿತ್ತು, ಅವನ ತಲೆಯೂ ಅಷ್ಟೇ ಕುದಿಯುತ್ತಿತ್ತು. ಕೊಡಲಿ ಬಡಿಸಿದವನು, ಬಣ್ಣ ಹಚ್ಚಿಸಿದವನು, ಮಾರಿದವನು ಎಲ್ಲ ಒಬ್ಬನೇ: ಗಂಗಾವತಿಯ ಗವಿಸಿದ್ದಪ್ಪ ಸಾಹುಕಾರ. ಅಮೀನನ ಬಾಯಲ್ಲಿ ಆ ಹೆಸರು ಒಮ್ಮೆಯೂ ಬಂದಿರಲಿಲ್ಲ. ಬರುವುದಾದರೂ ಹೇಗೆ? ಕಮ್ಮಾರನ ಮನೆ ಬಾಗಿಲಿಗೆ ಬೂಟುಗಾಲಿನಲ್ಲಿ ನುಗ್ಗುವವರು ಸಾಹುಕಾರನ ಹೊಸ್ತಿಲ ಹೊರಗೆ ಬೂಟು ಬಿಚ್ಚುತ್ತಾರೆ.

ಸಾಹುಕಾರನ ಪಡಸಾಲೆ ತಂಪಾಗಿತ್ತು. ಗೋಡೆಯ ತುಂಬ ಗಂಡುಗೊಡಲಿಗಳು. ಚಂದ್ರನಂಥ ಬಾಯಿಯವು, ಎರಡು ಬಾಯಿಯವು, ಬೆನ್ನಿಗೆ ಮೊನೆಯಿದ್ದವು. ಎಲ್ಲಕ್ಕೂ ಹಳತಿನ ಕಪ್ಪು, ಅಲ್ಲಲ್ಲಿ ಕೆಂಪು ಜಂಗು, ಕಾವಿನ ಕಟ್ಟಿಗೆಗೆ ಗೆದ್ದಲು ತಿಂದಂತೆ ತೂತು. ಓಬಳೆಪ್ಪನ ಕೈ ಬಣ್ಣದ ಕೈ. ಸುಳ್ಳನ್ನೂ ಅಂದವಾಗಿಯೇ ಮಾಡಿತ್ತು.

"ಬರ್ರಿ ಬರ್ರಿ, ಜಮಾದಾರ್ರು!" ಗಾದಿಯ ಮೇಲಿಂದಲೇ ಗವಿಸಿದ್ದಪ್ಪ ಕರೆದ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಆ ಬಿಸಿಲಿನಲ್ಲೂ ಮೈತುಂಬ ಶಾಲು ಹೊದ್ದಿದ್ದ. "ಕುಂದ್ರರಿ. ಎಲಿ ಅಡಿಕಿ ಹಾಕ್ಕೊಳ್ರಿ."

ಎಲೆಯ ತಟ್ಟೆಯನ್ನು ಎಡಗೈಯಿಂದ ಮುಂದಕ್ಕೆ ನೂಕಿದ.

ಜಿಲಾನಸಾಬನ ಮೈಯೆಲ್ಲ ಉರಿಯಿತು. ಬೇಡಲು ಬಂದವನಿಗೂ ಈ ಸೀಮೆಯಲ್ಲಿ ಯಾರೂ ಎಡಗೈಯಿಂದ ಎಲೆ ಕೊಡುವುದಿಲ್ಲ. ಸರ್ಕಾರದ ಬಿಲ್ಲೆ ಎದೆಯ ಮೇಲಿದ್ದಾಗ ಇದೇ ಸಾಹುಕಾರ ಎದ್ದು ನಿಂತು ಎರಡೂ ಕೈಯಲ್ಲಿ ತಟ್ಟೆ ಹಿಡಿಯುತ್ತಿದ್ದ. ಬಿಲ್ಲೆ ಹೋಯಿತು, ಬಲಗೈಯೂ ಹೋಯಿತೆ?

ತಟ್ಟೆ ಮುಟ್ಟದೆ ಎದ್ದ. ಗೋಡೆಯ ಮೇಲಿನ ಒಂದು ಕೊಡಲಿ ತೆಗೆದುಕೊಂಡ.

"ಇದು ಯಾವ ಕಾಲದ್ರಿ?"

"ಭಾಳ ಹಳೇದ್ರಿ. ತಾಳೀಕೋಟಿ ಯುದ್ಧದಾಗ ಹೊಡೆದಾಡಿದ್ದು. ಹೈದ್ರಾಬಾದಿನಿಂದ ಒಬ್ಬ ನವಾಬ್ರು ನೋಡಾಕ ಬರೋರದಾರ, ಸ್ವಲ್ಪ ಹುಷಾರು…"

ಜಿಲಾನಸಾಬ ಅಂಗಳಕ್ಕೆ ಇಳಿದು, ಅಲ್ಲಿದ್ದ ಒರಳುಕಲ್ಲಿಗೆ ಬೀಸಿ ಹೊಡೆದ.

"ಏ! ಏ! ಏನ್ಮಾಡ್ತೀರಿ!"

ಕೊಡಲಿಯ ಬಾಯಿ ಹಸಿ ರೊಟ್ಟಿಯಂತೆ ಮಡಿಚಿಕೊಂಡಿತ್ತು. ಜಂಗು ಉದುರಿದ ಕಡೆ ಹೊಸ ಕಬ್ಬಿಣ ಬೆಳ್ಳಗೆ ಹೊಳೆಯಿತು.

"ತಾಳೀಕೋಟ್ಯಾಗ ಇದನ್ನ ಹಿಡಕೊಂಡು ಹೊಡೆದಾಡಿದ್ರ ನಗಿಯಿಂದನ ಸಾಯ್ತಿದ್ರು ವೈರಿಗಳು," ಎಂದು ಜಿಲಾನಸಾಬ ಅದನ್ನು ಸಾಹುಕಾರನ ಗಾದಿಯ ಮೇಲೆ ಎಸೆದ. "ನಾಚಿಕಿ ಆಗಬೇಕು ಸಾಹುಕಾರ್ರ ನಿಮಗ! ಗ್ಯಾನಪ್ಪ ಇದನ್ನ ಕದ್ದು ಮುಚ್ಚಿ ಮಾಡಿದಾಂವಲ್ಲ. ಇದು ಹೊಸಾದು, ಇದು ಆಟದ್ದು ಅಂತ ತನ್ನ ಗುರುತು ಹೊಡೆದು ಕೊಟ್ಟಾನ. ಅದರ ಮ್ಯಾಲ ರಾಡಿ ಬಳಿದು ಸುಳ್ಳು ಮಾಡಿದವರು ನೀವು. ಇವತ್ತ ಜೇಲಿನ್ಯಾಗ ಕುಂತಾಂವ ಅವ, ಗಾದಿ ಮ್ಯಾಲ ಕುಂತಾಂವ ನೀವು!"

ಗವಿಸಿದ್ದಪ್ಪ ಮಡಚಿದ ಕೊಡಲಿಯನ್ನು ನೋಡಿದ, ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ.

"ವ್ಯಾಪಾರ್ರೀ ಅದು. ಕೊಳ್ಳಾವ್ರಿಗೆ ಗ್ವಾಡಿಗೆ ಹಾಕ್ಕೊಳ್ಳಾಕ ಒಂದು ಕಥಿ ಬೇಕು, ನಾ ಕಥಿ ಕೊಡ್ತೀನಿ. ಅದಕ್ಕೂ ಖೂನಿಗೂ ಏನು ಸಂಬಂಧ?"

"ಓಬಳೆಪ್ಪ ಹೊಡಿಸಿಕೊಂಡ ಕೊಡ್ಲಿ ಹಿಂಗ ಮಡಿಚಿಲ್ಲ. ಉಕ್ಕು ಹಚ್ಚಿ ಹದ ಹಾಕಿದ್ದದು. ಯಾವ ಕುಲುಮ್ಯಾಗ ಹಚ್ಚಿಸಿದ್ರಿ?"

"ನಾನ್ಯಾಕ ಹಚ್ಚಿಸ್ಲಿ?" ಗವಿಸಿದ್ದಪ್ಪ ನಿಜವಾಗಿಯೂ ಬೆರಗಾದವನಂತೆ ಕಣ್ಣರಳಿಸಿದ. "ಗ್ವಾಡಿಗೆ ಹಾಕೋ ಕೊಡ್ಲಿಗೆ ಉಕ್ಕು ಯಾತಕ್ರಿ? ಅದರಾಗ ನಾ ಕಟ್ಟಿಗಿ ಕಡೀಬೇಕೇನು? ಕೆಸರಾಗ ಎಷ್ಟೋ ತಲಿಮಾರು ಬಿದ್ದಿತ್ತು ಅಂತ ಹೇಳಿ ಮಾರೋ ಕೊಡ್ಲಿ ಹರಿತ ಇದ್ರ ಯಾರು ನಂಬ್ತಾರ?"

ಜಿಲಾನಸಾಬ ಗಾದಿಯ ಮೇಲೆ ಬಿದ್ದಿದ್ದ ಮಡಿಚಿದ ಕೊಡಲಿಯನ್ನು ಮತ್ತೊಮ್ಮೆ ನೋಡಿದ. ಈ ಮಾತು ಸುಳ್ಳಲ್ಲ. ಸಾಹುಕಾರನಿಗೆ ಬೇಕಾದದ್ದು ಹಳತಿನ ತೋರಿಕೆ, ಹರಿತವಲ್ಲ. ಹಾಗಾದರೆ ಹರಿತ ಯಾರಿಗೆ ಬೇಕಾಗಿತ್ತು?

"ತಲಿ ಕೆಡಿಸ್ಕೋಬ್ಯಾಡ್ರಿ. ಎಲಿ ಹಾಕ್ಕೊಳ್ರಿ," ಎಂದು ಗವಿಸಿದ್ದಪ್ಪ ತಟ್ಟೆಯನ್ನು ಮತ್ತೆ ನೂಕಿದ. ಮತ್ತೆ ಎಡಗೈ.

ಜಿಲಾನಸಾಬ ಆ ಕೈಯನ್ನೇ ನೋಡಿದ. ತಟ್ಟೆಯ ಪಕ್ಕದಲ್ಲೇ ಸುಣ್ಣದ ಡಬ್ಬಿ ಇತ್ತು. ಸಾಹುಕಾರ ಅದನ್ನೂ ಎಡಗೈಯಲ್ಲೇ ತೆಗೆದ. ತನ್ನ ಎಲೆಗೂ ಎಡಗೈಯಲ್ಲೇ ಸುಣ್ಣ ಹಚ್ಚಿದ. ಬಾಯಿಗೂ ಎಡಗೈಯಲ್ಲೇ ಇಟ್ಟುಕೊಂಡ.

ಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ. ಎಡಗೈಯಲ್ಲಿ ಉಣ್ಣುವವನಲ್ಲ.

ಅವಮಾನ ಮಾಡಲು ಎಡಗೈ ಕೊಟ್ಟಿದ್ದಲ್ಲ! ಬಲಗೈ ಎತ್ತಲು ಆಗುತ್ತಿಲ್ಲ!

ಒಂದು ನೆಗೆತಕ್ಕೆ ಗಾದಿ ಹತ್ತಿ ಜಿಲಾನಸಾಬ ಶಾಲು ಸರಿಸಿದ. ಸಾಹುಕಾರನ ಬಲ ಮುಂಗೈಯಿಂದ ಮೊಳಕೈವರೆಗೆ ಬಟ್ಟೆ ಸುತ್ತಿತ್ತು. ಅರಿಶಿನ ಒಸರಿ ಬಟ್ಟೆ ಹಳದಿಯಾಗಿತ್ತು, ಅದರ ನಡುವೆ ಕಪ್ಪುಗಟ್ಟಿದ ನೆತ್ತರಿನ ಗೆರೆ. ಆ ಗೆರೆ ಬಿದಿಗೆಯ ಚಂದ್ರನಂತೆ ಬಾಗಿತ್ತು.

"ಏನಾತ್ರಿ ಇದು?"

"ಕುಡಗೋಲು… ಮೇವು ಕೊಯ್ಯಾಗ ತಾಗಿತು."

"ನೀವು! ಮೇವು ಕೊಯ್ದ್ರಿ!" ಜಿಲಾನಸಾಬ ನಕ್ಕ. ಆ ನಗೆಗೆ ಪಡಸಾಲೆಯ ಪಾರಿವಾಳಗಳು ಹಾರಿದವು. "ನೆಲಕ್ಕ ಬಿದ್ದ ಕಡ್ಡಿ ಎತ್ತಾಕೂ ಆಳು ಕರಿಯೋ ಸಾಹುಕಾರ್ರು ಮೇವು ಕೊಯ್ದ್ರು! ಅದೂ ಬಲಗೈಯಾಗ ಕುಡಗೋಲು ಹಿಡಿದು, ಬಲಗೈನ ಕೊಯ್ಕೊಂಡ್ರು! ಆ ವಿದ್ಯಾ ನನಗೂ ಕಲಿಸಿ ಕೊಡ್ರಿ."

ಗವಿಸಿದ್ದಪ್ಪ ಶಾಲು ಎಳೆದುಕೊಂಡ.

"ನಿಮ್ಮ ಗ್ವಾಡಿ ಮ್ಯಾಲಿನ ಕೊಡ್ಲಿ ಯಾವುದೂ ಚರ್ಮ ಸೀಳಂಗಿಲ್ಲ. ಸೀಳೋದು ಒಂದ ಐತಿ, ಅದು ಅಮೀನನ ಮೇಜಿನ ಮ್ಯಾಲ ಐತಿ. ಅದು ನಿಮ್ಮ ಕೈ ಕಡಿದೈತಿ. ಅಂದ್ರ ಮೊದಲು ಅದು ಓಬಳೆಪ್ಪನ ಕೈಯಾಗ ಇತ್ತು. ಅವ ತನ್ನ ಜೀವ ಉಳಿಸಿಕೊಳ್ಳಾಕ ಬೀಸ್ಯಾನ. ಆಮ್ಯಾಲ ಅವನ ಕೈಯಿಂದ ಕಸಗೊಂಡು ಅವನ ಮ್ಯಾಲ ಹಾಕೀರಿ. ಗುರುತು ಗ್ಯಾನಪ್ಪಂದು ಐತಿ ಅಂತ ಅಲ್ಲೇ ಬಿಟ್ಟು ಬಂದೀರಿ!"

ಬಳಿಕ ಗವಿಸಿದ್ದಪ್ಪ ನಿಧಾನವಾಗಿ ಎಲೆ ಜಗಿಯತೊಡಗಿದ. ಹೆದರಿದ್ದ ಮನುಷ್ಯ ಮತ್ತೆ ಸಾಹುಕಾರನಾದ.

"ಛಲೋ ಕಥಿ ಕಟ್ತೀರಿ ಜಮಾದಾರ್ರ. ನನಗಿಂತ ಛಲೋ. ಹೋಗ್ರಿ, ಅಮೀನಸಾಹೇಬ್ರ ಮುಂದ ಹೇಳ್ರಿ. ಅವ್ರು ಒಂದ ಮಾತು ಕೇಳ್ತಾರ: ಓಬಳೆಪ್ಪನ ಕೈಗೆ ಹರಿತದ ಕೊಡ್ಲಿ ಎಲ್ಲಿಂದ ಬಂತು? ನಾ ಕೊಟ್ಟದ್ದೆಲ್ಲಾ ಮೆತ್ತಂದು, ಈಗ ನೀವ ನೋಡಿದ್ರಲ್ಲ. ಅವನ ಕೈಗೆ ನಾ ಕೊಟ್ಟೆ ಅನ್ನಾಂವ ಒಬ್ಬ ಬರಬೇಕು. ಎಲ್ಲದಾನ ಅವ?"

"ಬರ್ತಾನ," ಎಂದ ಜಿಲಾನಸಾಬ. "ಆ ಉಕ್ಕು ಹಚ್ಚಿದಾಂವನ್ನ ಹಿಡಕೊಂಡು ಬರ್ಲಿಲ್ಲ ಅಂದ್ರ ಈ ಗಡ್ಡ ಬೋಳಸ್ಕೊಂತೀನಿ. ಅಲ್ಲಿತನಕ ಎಡಗೈಯಾಗ ಉಣ್ಣೋದು ರೂಢಿ ಮಾಡ್ಕೊಳ್ರಿ. ಜೇಲಿನ್ಯಾಗ ಯಾರೂ ತುತ್ತು ಮಾಡಿ ಹಾಕಂಗಿಲ್ಲ."

ಹಿಂದಿರುಗುವಾಗ ಮೋಟಾರಿನಲ್ಲಿ ಅವನಿಗೆ ಕೂರಲು ಜಾಗ ಸಿಗಲಿಲ್ಲ. ನಿಂತೇ ಬಂದ. ಕಾಲು ಸೋತದ್ದು ತಿಳಿಯಲಿಲ್ಲ. ಇನ್ನು ಉಳಿದದ್ದು ಒಂದೇ ಕೆಲಸ. ಕುಷ್ಟಗಿಯ ಕಡೆಯ ಕಮ್ಮಾರರೋ, ಯಲಬುರ್ಗಾದವರೋ, ಯಾರೋ ಒಬ್ಬರು ಗ್ಯಾನಪ್ಪನ ಮೆತ್ತನೆಯ ಕೊಡಲಿಗೆ ಉಕ್ಕು ಕೂಡಿಸಿ ಓಬಳೆಪ್ಪನಿಗೆ ಕೊಟ್ಟಿದ್ದಾರೆ. ಅವರು ಬಂದು ಒಂದು ಮಾತು ಹೇಳಿದರೆ ಸಾಕು. ಬೆಸುಗೆ ಯಾರ ಕೈಯದೆಂದು ಇನ್ನೊಬ್ಬ ಕಮ್ಮಾರ ಹೇಳದೆ ಇನ್ನಾರು ಹೇಳಬೇಕು? ಗ್ಯಾನಪ್ಪನನ್ನೇ ಕೇಳಬೇಕು.

ಠಾಣೆಯ ಮುಂದೆ ಬೇವಿನ ನೆರಳು ಮೂಡಲಿಗೆ ಚಾಚಿತ್ತು. ಪಕ್ಕೀರವ್ವ ಎದ್ದು ಹೋಗಿರಲಿಲ್ಲ. ಮಡಿಲಲ್ಲಿ ರೊಟ್ಟಿಯ ಗಂಟು. ತನ್ನ ಮಗನನ್ನು ಕೊಂದನೆಂದು ಹಿಡಿದವನಿಗೆ ಅವಳೇ ರೊಟ್ಟಿ ತಂದಿದ್ದಳು. ಜವಾನರು ಒಳಗೆ ಬಿಟ್ಟಿರಲಿಲ್ಲ.

"ಸಿಕ್ಕಾ ಯವ್ವಾ, ಸಿಕ್ಕಾ!" ಎಂದು ಜಿಲಾನಸಾಬ ಅವಳ ಕೈಯಿಂದ ಗಂಟು ಇಸಿದುಕೊಂಡ. "ಖೂನಿ ಮಾಡಿದಾಂವ ಸಿಕ್ಕಾನ. ಇನ್ನೊಂದ ಮಾತು ಕೇಳಿ ಬರ್ತೀನಿ, ನಿನ್ನ ಗ್ಯಾನಪ್ಪ ಮನಿಗೆ ಬರ್ತಾನ."

ಪಕ್ಕೀರವ್ವನ ಮುಖದಲ್ಲಿ ನಗುವಿನಂಥದ್ದು ಏನೋ ಸುಳಿಯಿತು. ಓಬಳೆಪ್ಪ ಸತ್ತ ಮೇಲೆ ಅದೇ ಮೊದಲು.

ಗ್ಯಾನಪ್ಪ ಸರಳಿನ ಹಿಂದೆ ಗೋಡೆಗೆ ಒರಗಿ ಕುಳಿತಿದ್ದ. ಕಿಡಿ ಹಾರಿ ಚುಕ್ಕೆಚುಕ್ಕೆ ಸುಟ್ಟ ತೋಳುಗಳನ್ನು ಮೊಣಕಾಲಿಗೆ ಸುತ್ತಿಕೊಂಡಿದ್ದ. ಜಿಲಾನಸಾಬ ಸರಳಿಗೆ ಮುಖ ಹಚ್ಚಿ, ಸಾಹುಕಾರನ ಗಾಯದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ನಿನ್ನ ಕೊಡ್ಲಿಗೆ ಉಕ್ಕು ಹಚ್ಚಿದ ಕೈ ಯಾರದು, ಹೇಳು. ನೀ ಆ ಬೆಸುಗಿ ನೋಡೀದಿ. ನಿನಗ ಗೊತ್ತಾಗದ ಇರಂಗಿಲ್ಲ. ಹೆಸರು ಹೇಳು, ಕತ್ತಲಾಗೋದ್ರಾಗ ಅವನ್ನ ಇಲ್ಲಿ ತಂದು ನಿಲ್ಲಿಸ್ತೀನಿ."

ಗ್ಯಾನಪ್ಪ ತಲೆ ಎತ್ತಲಿಲ್ಲ.

"ಹುಡುಕಬ್ಯಾಡ್ರಿ ಸಾಬ್ರ."

"ಯಾಕ? ನಿಮ್ಮ ಕುಲದಾವ ಅಂತೇನು? ಮುಲಾಜು ಮಾಡೋ ಹೊತ್ತಲ್ಲಪಾ ಇದು!"

"ಹಿಂದಿನಿಂದ ಹಚ್ಚಿದ್ದಲ್ರಿ ಅದು. ಬಡಿಯಾಗನ ಹಚ್ಚಿದ್ದು."

ಜಿಲಾನಸಾಬನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾಗುವುದು ಬೇಡವೂ ಆಗಿತ್ತು.

"ಸಂತ್ಯಾಗ ಜಗಳ ಆಗಿ ಮರುದಿನ ಓಬಳೆಪ್ಪ ನನ್ನ ಕುಲುಮಿಗೆ ಬಂದಿದ್ದ," ಗ್ಯಾನಪ್ಪ ನೆಲಕ್ಕೆ ಹೇಳುವಂತೆ ಹೇಳಿದ. "ಕಾಲು ಹಿಡಕೊಂಡು ಅತ್ತ. 'ಅಣ್ಣಾ, ತಪ್ಪಾತು. ಇನ್ನ ಮ್ಯಾಲ ಈ ಸುಳ್ಳು ಬಣ್ಣ ಹಚ್ಚಂಗಿಲ್ಲ ಅಂತ ಸಾಹುಕಾರಗ ಹೇಳೀನಿ. ಕೊಂಡವರ ಮುಂದ ಎಲ್ಲಾ ಹೇಳಿಬಿಡ್ತೀನಿ ಅಂದೀನಿ. ಅವ ನನ್ನ ಉಳಸಂಗಿಲ್ಲ' ಅಂದ. ಹೊಲದ ಕೊಡ್ಲಿ ಒಯ್ಯಿ ಅಂದೆ. 'ಅದನ್ನ ನೋಡಿದ್ರ ಸಾಹುಕಾರಗ ತಿಳೀತೈತಿ. ನನ್ನ ಕಡೆ ಉಳಿದ ಕೊಡ್ಲಿ ತಿರುಗಿ ಕೊಡಾಕ ಕಾಲುವಿ ಕಡೆ ಕರದಾನ, ಅದರೊಳಗ ಒಂದು ಖರೇದು ಇದ್ರ ಯಾರಿಗೂ ಗೊತ್ತಾಗಂಗಿಲ್ಲ' ಅಂದ. ಸಣ್ಣಾಂವ ಇದ್ದಾಗಿಂದ ನೋಡೀನ್ರಿ ಅವನ್ನ. ಅಣ್ಣನ್ನ ನಾ ಕಳದೆ, ತಮ್ಮನ್ನರ ಉಳಿಸೋಣು ಅಂತ…"

ಗ್ಯಾನಪ್ಪ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ನನ್ನ ಕೈಯಾರೆ ಉಕ್ಕು ಹಚ್ಚಿದೆ. ನನ್ನ ಕೈಯಾರೆ ನೀರು ಕುಡಿಸಿದೆ."

ಜಿಲಾನಸಾಬ ಸರಳನ್ನು ಬಿಗಿಯಾಗಿ ಹಿಡಿದ. ಕೈಯಲ್ಲಿದ್ದ ರೊಟ್ಟಿಯ ಗಂಟು ಕೆಳಗೆ ಬಿತ್ತು.

"ಇದನ್ನ ಅಮೀನಗ ಯಾಕ ಹೇಳಲಿಲ್ಲೋ!"

"ಹೇಳಿದ್ರ ಪಕ್ಕೀರವ್ವನ ಕಿವಿಗೆ ಬೀಳ್ತೈತಿ. ನೇಣು ಹಾಕ್ಲಿ ಬಿಡ್ರಿ. ಆಕಿ ಮುಂದ ಮಾತ್ರ ಹೇಳಬ್ಯಾಡ್ರಿ."

"ಮುಚ್ಚು ಬಾಯಿ!" ಜಿಲಾನಸಾಬನ ಸಿಟ್ಟು ಈಗ ಎತ್ತ ತಿರುಗಬೇಕೆಂದು ತಿಳಿಯದೆ ಗಿರಗಿರನೆ ಸುತ್ತಿತು. "ನಿನ್ನ ನಾಚಿಕಿ ಸಲುವಾಗಿ ಆ ಗವಿಸಿದ್ದಪ್ಪ ಎಲಿ ಅಡಿಕಿ ಮೆಲಕೋತ ಕುಂದರಬೇಕೇನು? ನೀ ಬಾಯಿ ಬಿಡಲಿಲ್ಲ ಅಂದ್ರ ಅವ ಪಾರಾದ. ಬಾಯಿ ಬಿಟ್ರ… ಬಾಯಿ ಬಿಟ್ರ ಅಮೀನ ಏನಂತಾನ ಗೊತ್ತೈತೇನು? ಖೂನಿ ಕೊಡ್ಲಿ ಮಾಡಿದಾಂವ ತಾನ ಒಪ್ಪಿಕೊಂಡ ಅಂತಾನ. ನಿನಗಾಗಿ ನಾ ಅವನ ಮುಂದ ಇಟ್ಟಿದ್ದು ನಿನ್ನ ಆಣಿಯ ಒಂದ ಒಂದು ಮಾತಲ್ಲೋ, ಗ್ಯಾನಪ್ಪಾ!"

ಗ್ಯಾನಪ್ಪ ಮೊಣಕಾಲಿನಲ್ಲಿ ಮುಖ ಹುದುಗಿಸಿದ.

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಜವಾನನನ್ನು ಪಕ್ಕಕ್ಕೆ ತಳ್ಳಿ ಪಕ್ಕೀರವ್ವ ಒಳಗೆ ಬಂದಿದ್ದಳು. ಸರಳಿನ ಆಚೆಗಿದ್ದವನನ್ನು ನೋಡಿದಳು, ಈಚೆಗಿದ್ದವನನ್ನು ನೋಡಿದಳು, ನೆಲದ ಮೇಲೆ ಬಿದ್ದಿದ್ದ ರೊಟ್ಟಿಯನ್ನು ನೋಡಿದಳು.

"ಏನಂದ ತಮ್ಮಾ? ಆ ಕೊಡ್ಲಿಗೆ ನೀರು ಕುಡಿಸಿದ ಪಾಪಿ ಯಾರಂತ?"

ಜಿಲಾನಸಾಬ ಬಗ್ಗಿ ರೊಟ್ಟಿಯ ಗಂಟನ್ನು ಎತ್ತಿಕೊಂಡು ಅದರ ಮಣ್ಣು ಒರೆಸತೊಡಗಿದ.

ಗ್ಯಾನಪ್ಪ ಪಕ್ಕೀರವ್ವನಿಗೆ ಕೊಟ್ಟ ಮಾತು ಮುರಿದಿದ್ದ.